ತಾರಸಿ ಬಾಗಿಲ ಬೀಗ

ಶಬೇ ಬರಾತ್ ದಿನ ಫಾತಿಮುನ್ನೀಸಾ ನಮ್ಮ ಬ್ಲಾಕಿನಲ್ಲಿ ಹಲ್ವಾ ತಟ್ಟೆ ಹಿಡಿದು ಮನೆಮನೆಗೂ ಬರುತ್ತಾಳೆ. ಕಡಲೆಬೇಳೆ ಹಲ್ವಾ. ತಟ್ಟೆ ಕೈಗೆ ಕೊಡುವಾಗ ಒಂದು ಮಾತು ಹೇಳುವುದು ಅವರಲ್ಲಿ ಪದ್ಧತಿ: "ಹೇಳಿದ್ದು ಕೇಳಿದ್ದು ಏನಾದ್ರೂ ಇದ್ರೆ ಮಾಫ್ ಮಾಡ್ಬಿಡಿ." ದೇವರ ಮುಂದೆ ನಿಲ್ಲುವ ಮೊದಲು ನೆರೆಹೊರೆಯವರ ಮನಸ್ಸು ತಿಳಿ ಮಾಡಿಕೊಳ್ಳಬೇಕಂತೆ. ನಾವೂ "ಆಯ್ತು ಬಿಡಮ್ಮ, ಮಾಫು" ಅನ್ನುತ್ತೇವೆ, ಹಲ್ವಾ ತಿನ್ನುತ್ತೇವೆ. ಏನನ್ನು ಮಾಫು ಮಾಡಿದೆವು ಅಂತ ಯಾರೂ ಕೇಳುವುದಿಲ್ಲ. ಹಲ್ವಾ ಬಾಯಲ್ಲಿರುವಾಗ ಯಾರಿಗೆ ಬೇಕು ಆ ತಂಟೆ?

ಈ ಸಲದ ಶಬೇ ಬರಾತ್ ಸಂಜೆ ನಾನು ಮೂರನೇ ಮಹಡಿಯ ಪುಟ್ಟಗಂಗಮ್ಮನ ಮನೆಯಲ್ಲಿದ್ದೆ. ಒಣಮೆಣಸಿನಕಾಯಿ ಕಡ ಕೇಳಲು ಹೋಗಿದ್ದೆ. ಫಾತಿಮುನ್ನೀಸಾ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದಳು. ತಟ್ಟೆ ನನ್ನ ಕೈಗೆ ಕೊಟ್ಟಳು, ಆ ಮಾತು ಹೇಳಿದಳು. ಪುಟ್ಟಗಂಗಮ್ಮ ಒಲೆಯ ಕಡೆಯಿಂದ ತಿರುಗಲೂ ಇಲ್ಲ.

"ಅಯ್ಯೋ ಬುಡು ಫಾತಿಮವ್ವ, ನೀನು ನಂಗೇನ್ ಮಾಡಿದ್ದೀಯ? ಮಾಫು ಕಣವ್ವ, ಹೋಗು" ಅಂದಳು.

ಆ ಕ್ಷಣ ಫಾತಿಮುನ್ನೀಸಾಳ ಮುಖ ನೋಡಬೇಕಿತ್ತು. ಪಕ್ಕದ ಮನೆಯ ಕೋಳಿ ಕದ್ದು ಸಾರು ಮಾಡಿದವಳನ್ನು ಆ ಮನೆಯವಳೇ ಬಂದು "ಉಪ್ಪು ಸಾಕಾ ನೋಡೇ" ಅಂದರೆ ಹೇಗಿರುತ್ತದೋ ಹಾಗಿತ್ತು. ಅವಳು ಅಲ್ಲಿಂದ ನಾಲ್ಕು ಮೆಟ್ಟಿಲು ಮೇಲಿರುವ ತಾರಸಿ ಬಾಗಿಲನ್ನು ನೋಡಿದಳು. ಅದಕ್ಕೆ ನೇತಾಡುವ ಬೀಗವನ್ನು ನೋಡಿದಳು. ಇನ್ನೂ ಕೊಡಬೇಕಾದ ಮನೆಗಳಿದ್ದರೂ ಸೀದಾ ಕೆಳಗಿಳಿದು ಹೋದಳು.

ನಾನು ಶಿವರುದ್ರಮ್ಮ, ಒಂದನೇ ಮಹಡಿಯವಳು, ಅಂಗನವಾಡಿ ಟೀಚರ್. ಮೇಲಿನವರ ಬಚ್ಚಲ ನೀರು ನನ್ನ ಗೋಡೆಗೆ ಇಳಿಯುತ್ತದೆ, ಕೆಳಗಿನವರ ಒಗ್ಗರಣೆ ಘಾಟು ನನ್ನ ಕಿಟಕಿಗೆ ಏರುತ್ತದೆ. ಎರಡೂ ಕಡೆಯ ಸುದ್ದಿ ನನಗೆ ಗೊತ್ತಿದ್ದರೆ ಅದು ನನ್ನ ತಪ್ಪಲ್ಲ, ಕಟ್ಟಿದವರ ತಪ್ಪು. ಉಳಿದದ್ದನ್ನು ಆಮೇಲೆ ಫಾತಿಮುನ್ನೀಸಾಳೇ ನನ್ನ ಹೊಸಿಲ ಮೇಲೆ ಕೂತು ಹೇಳಿದಳು.

ಅವಳು ಗುಬ್ಬಿಯವಳು. ಮುನಾವರ್ ಪಾಷಾನನ್ನು ಮದುವೆಯಾಗಿ ತುಮಕೂರಿಗೆ ಬಂದಳು. ಪಾಷಾ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ದಬ್ಬಳ ಕೆಳಗಿಟ್ಟ. ಆಪರೇಶನ್ ಒಂದು ಕಣ್ಣಿಗೆ ಆಯಿತು, ಅದೂ ಅಷ್ಟಕ್ಕಷ್ಟೆ. ಮನೆ ನಡೆದದ್ದು ಹುಣಸೆಹಣ್ಣಿನಲ್ಲಿ. ಹುಣಸೆ ಮಂಡಿಯ ಹಿಂದಿನ ಗಲ್ಲಿಯಲ್ಲಿ ಆಗ ನಾವೆಲ್ಲ ಇದ್ದೆವು. ಶೀಟಿನ ಮನೆಗಳು, ಬಾಗಿಲು ತೆರೆದರೆ ಬೀದಿ, ಬೀದಿ ದಾಟಿದರೆ ಮಂಡಿ. ಸುಗ್ಗಿ ಶುರುವಾದರೆ ವ್ಯಾಪಾರಿಗಳು ಮೂಟೆಗಳನ್ನು ನಮ್ಮ ಬಾಗಿಲಿಗೇ ಇಳಿಸುತ್ತಿದ್ದರು. ಹಣ್ಣಿಗೆ ಒಂದು ಬಿಸಿಲು ತೋರಿಸಬೇಕು, ಇಲ್ಲದಿದ್ದರೆ ಅದು ಬೀಜ ಬಿಡುವುದಿಲ್ಲ. ಆಮೇಲೆ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ಬಿಡಿಸಬೇಕು, ನಾರು ಎಳೆಯಬೇಕು. ಹುಳಿಗೆ ಬೆರಳ ಸಂದಿ ಬಿರಿಯುತ್ತದೆ. ಆದರೂ ಮನೆ ಬಾಗಿಲಲ್ಲೇ ಕೂತು, ಅನ್ನ ಬೇಯಿಸಿಕೊಂಡು, ಮಗುವಿಗೆ ಗದರಿಕೊಂಡು ಮಾಡುವ ಕೆಲಸ. ಅಷ್ಟು ಸಾಕಿತ್ತು ನಮ್ಮ ಗಲ್ಲಿಗೆ.

ಪುಟ್ಟಗಂಗಮ್ಮ ಎದುರು ಮನೆಯವಳು. ಹುಲಿಯೂರುದುರ್ಗದ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಸತ್ತ, ಮಗಳೂ ಸತ್ತಳು. ಮಗಳ ಮಗಳು ಮೋನಿಕಾಳನ್ನು ಇಟ್ಟುಕೊಂಡು ಬದುಕುತ್ತಿದ್ದಳು. ಊರಿನಿಂದ ಬರುವಾಗ ಒಂದು ಹಾಸುಗಲ್ಲು ತಂದಿದ್ದಳು, ಅಷ್ಟು ನುಣುಪಾದ ಕಲ್ಲು ಇಡೀ ಗಲ್ಲಿಯಲ್ಲಿ ಇರಲಿಲ್ಲ. ಅದರ ಆ ಕಡೆ ಅವಳು, ಈ ಕಡೆ ಫಾತಿಮುನ್ನೀಸಾ. ಒಬ್ಬಳು ಕುಟ್ಟುವುದು, ಒಬ್ಬಳು ನಾರೆಳೆಯುವುದು. ಇಬ್ಬರ ಮೂಟೆಯೂ ಒಂದೇ ಕಲ್ಲಿನ ಮೇಲೆ ಕರಗುತ್ತಿತ್ತು. ಜಗಳವಾಡಿದರೂ ಕಲ್ಲು ಬಿಟ್ಟು ಎದ್ದವರಲ್ಲ.

ಆಮೇಲೆ ನಮಗೆಲ್ಲ ಸರ್ಕಾರದ ಪಕ್ಕಾ ಮನೆ ಬಂತು. ಕುಣಿಗಲ್ ರಸ್ತೆಯ ಕಡೆ, ಊರು ಮುಗಿದು ಇನ್ನೂ ಅಷ್ಟು ದೂರ ಹೋದ ಮೇಲೆ. ಗಲ್ಲಿ ಖಾಲಿ ಮಾಡಬೇಕು ಅಂದರು. ಬೇಡ ಅನ್ನಲು ನಾವೇನು ಹುಚ್ಚರೇ? ಒಳಗೇ ಕಕ್ಕಸು, ಒಳಗೇ ನಲ್ಲಿ, ಮಳೆಗೆ ಸೋರದ ಸೂರು. ಯಾವ ಮನೆ ಯಾರಿಗೆ ಅಂತ ಶಾಮಿಯಾನ ಹಾಕಿ ಚೀಟಿ ಎತ್ತಿದರು. ಪುಟ್ಟಗಂಗಮ್ಮನಿಗೆ ನೆಲಮಹಡಿಯ ಮೂಲೆ ಮನೆ, ಫಾತಿಮುನ್ನೀಸಾಳಿಗೆ ಮೂರನೇ ಮಹಡಿ. ಇಬ್ಬರೂ ಒಪ್ಪಿದರೆ ಇವತ್ತೇ ಅದಲುಬದಲು ಮಾಡಿಕೊಳ್ಳಬಹುದು ಅಂತ ಮೈಕಿನಲ್ಲಿ ಕೂಗಿದರು.

ಫಾತಿಮುನ್ನೀಸಾ ಅಲ್ಲೇ ಕುರ್ಚಿಯ ಮೇಲೆ ಕೂತು ಮೊಣಕಾಲು ನೀವಿಕೊಂಡಳು. "ಅಕ್ಕ, ಈ ಕಾಲಲ್ಲಿ ನಾನು ಮೂರು ಮಹಡಿ ಹೆಂಗ್ ಹತ್ಲಿ?" ಅಂದಳು.

ಪುಟ್ಟಗಂಗಮ್ಮ ಯೋಚಿಸಿದ್ದು ಒಂದೇ ವಿಷಯ. "ಹಣ್ಣಿಗೆ ಬಿಸಿಲು? ಮ್ಯಾಲೆ ಎಲ್ಲಿ ಹರವ್ಲಿ?"

"ಮೇಲಿನ್ ಮನೆಗೆ ತಾರಸಿ ಹತ್ರಾನೇ ಅಲ್ವಾ ಅಕ್ಕ? ಇಡೀ ತಾರಸಿ ನಿಂದೇ."

"ಅದೂ ದಿಟ್ವೇ. ತಗೋ, ನಂಗೇನ್ ಕಾಲಿಗೆ ರೋಗ ಬಂದಿದ್ದದಾ?" ಅಂದು ಪುಟ್ಟಗಂಗಮ್ಮ ಹೆಬ್ಬೆಟ್ಟು ಒತ್ತಿದಳು. ನಾನೂ ಪಕ್ಕದಲ್ಲೇ ನಿಂತು, ಎಂಥ ಒಳ್ಳೆಯ ನೆರೆಹೊರೆ ಅಂತ ಕಣ್ಣು ಒದ್ದೆ ಮಾಡಿಕೊಂಡೆ. ಕಲ್ಲು ಮಾತ್ರ ಮೇಲಕ್ಕೆ ಹತ್ತಲಿಲ್ಲ. "ನಿನ್ ಬಾಗ್ಲಲ್ಲೇ ಇರ್ಲಿ, ನಾನೇ ಇಳ್ಕೊಂಡು ಬತ್ತೀನಿ" ಅಂದಳು ಪುಟ್ಟಗಂಗಮ್ಮ.

ಬಂದು ನೋಡಿದರೆ ತಾರಸಿಗೆ ಬೀಗ. ನೀರಿನ ಟ್ಯಾಂಕುಗಳಿವೆ, ಜನ ಓಡಾಡಿದರೆ ಸೋರುತ್ತದೆ ಅಂತ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ಕೇಳಿ ನನ್ನ ನಾಲಿಗೆ ಸವೆಯಿತು. ಅವರು ಇವರ ಹತ್ತಿರ ಅಂದರು, ಇವರು ಅವರ ಹತ್ತಿರ ಅಂದರು.

ಮೊದಲ ಸುಗ್ಗಿಗೆ ಪುಟ್ಟಗಂಗಮ್ಮ ಕೆಳಗಿಳಿದೇ ಬಂದಳು. ಮೂಲೆ ಮನೆಯ ಮುಂದೆ ಒಳ್ಳೆಯ ಬಿಸಿಲು ಬೀಳುತ್ತದೆ, ಹಣ್ಣು ಹರವಲು ಹೇಳಿ ಮಾಡಿಸಿದ ಜಾಗ. ಆದರೆ ಮಂಡಿಯಿಂದ ಗೂಡ್ಸ್ ಆಟೋದವನು ಇಷ್ಟು ದೂರ ಬರುವುದೇ ಹೆಚ್ಚು. ಬಂದವನು ಮೂಟೆಗಳನ್ನು ಕೆಳಗಿನ ಬಾಗಿಲಲ್ಲಿ ಒಗೆದು ಹೋಗುತ್ತಿದ್ದ. ಯಾರ ಬಾಗಿಲಲ್ಲಿ ಮೂಟೆ ಬಿತ್ತೋ ಅವರೇ ಯಜಮಾನರು. ಗಲ್ಲಿಯಲ್ಲಿ ಸರಿಸಮ ಕೂತವಳು ಇಲ್ಲಿ ಇನ್ನೊಬ್ಬರ ಅಂಗಳಕ್ಕೆ ಕೆಲಸಕ್ಕೆ ಬಂದವಳಾದಳು. ಅಷ್ಟರಲ್ಲಿ ಫಾತಿಮುನ್ನೀಸಾಳ ಸೊಸೆ ಅರ್ಜೂ ಕೊಡತಿ ಹಿಡಿಯುವುದು ಕಲಿತಳು. ಒಂದು ದಿನ ಒಂದೇ ಮೂಟೆ ಬಂತು.

"ಅಜ್ಜಿ, ಇವತ್ತು ಒಂದೇ ಮೂಟೆ. ನಾವೇ ಮುಗಿಸ್ಕೋತೀವಿ" ಅಂದಳು ಅರ್ಜೂ. ಹುಡುಗಿಯ ಮನಸ್ಸಿನಲ್ಲಿ ಕೇಡಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಫಾತಿಮುನ್ನೀಸಾ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿತು. ಹೊರಗೆ ಬಂದು "ಕೂತ್ಕೋ ಅಕ್ಕ" ಅನ್ನಲು ಒಂದು ಹೆಜ್ಜೆ ಸಾಕಿತ್ತು. ಬರಲಿಲ್ಲ. ಪುಟ್ಟಗಂಗಮ್ಮ ತನ್ನದೇ ಕಲ್ಲನ್ನು ಒಮ್ಮೆ ನೋಡಿ ಎದ್ದು ಮೆಟ್ಟಿಲು ಹತ್ತಿದಳು. ಮತ್ತೆ ಕೆಲಸಕ್ಕೆ ಅಂತ ಆ ಅಂಗಳಕ್ಕೆ ಇಳಿಯಲಿಲ್ಲ.

ಮಾರನೆಯ ವರ್ಷ ಅವಳು ಮೂಟೆಯನ್ನು ಪುಟ್ಟಿ ಪುಟ್ಟಿಯಾಗಿ ಮೇಲಕ್ಕೆ ಹೊತ್ತು ಮನೆಯೊಳಗೇ ಕುಟ್ಟಿ ನೋಡಿದಳು. ಎರಡನೇ ಮಹಡಿಯ ಕನಕರಾಜು ರಾತ್ರಿ ಪಾಳಿಯ ವಾಚ್‌ಮನ್, ಹಗಲು ಮಲಗುವವನು. ತಲೆಯ ಮೇಲೆ ಕುಟ್ಟಿದರೆ ಅವನಾದರೂ ಏನು ಮಾಡಬೇಕು? ಜಗಳಕ್ಕೆ ಬಂದ. ಬಿಸಿಲು ಕಾಣದ ಹಣ್ಣು ಬೇರೆ, ಬೀಜವೇ ಬಿಡಲಿಲ್ಲ. ವ್ಯಾಪಾರಿ ಇನ್ನು ಮೂಟೆ ಕೊಡಲ್ಲ ಅಂದ. ಆಮೇಲೆ ಅವಳು ಊರೊಳಗಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹೋದಳು. ಹೆಂಗಸರಿಗೆ ಬಸ್ಸು ಫ್ರೀ, ನಿಜ. ಆದರೆ ಫ್ರೀ ಬಸ್ಸು ಮೊದಲು ಬರಬೇಕಲ್ಲ! ಎರಡು ಸಲ ತಡವಾಯಿತು, ಮೂರನೇ ಸಲ ಬರಬೇಡ ಅಂದರು. ತಾರಸಿಯ ಟ್ಯಾಂಕು ತುಂಬುವುದೇ ಇಲ್ಲ, ನಲ್ಲಿ ನೀರು ಮೂರನೇ ಮಹಡಿಗೆ ಏರುವುದಿಲ್ಲ. ಮೋನಿಕಾ ಬೆಳಿಗ್ಗೆ ಕೊಡ ಹೊತ್ತು ಹೊತ್ತು ಬಸ್ ಹತ್ತಿ ಶಾಲೆ ಸೇರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಒಂಬತ್ತನೇ ಕ್ಲಾಸಿನ ನಡುವೆ ಶಾಲೆಗೆ ಹೋಗುವುದನ್ನೇ ಬಿಟ್ಟಳು.

ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಸರ್ವೆಗೆ ಅಂತ ನಮ್ಮ ಬ್ಲಾಕಿಗೆ ಬಂದು, ಪಟ್ಟಣದ ಜನ ಬಡವರಾಗುವುದಕ್ಕೆ ಕಾರಣ ಏನು ಆಂಟಿ ಅಂತ ಕೇಳಿದಳು. ನಾನು ಕುಡಿತ, ಕಾಯಿಲೆ, ಓದಿಲ್ಲದಿರುವುದು ಅಂತ ಎಲ್ಲರೂ ಹೇಳುವುದನ್ನೇ ಹೇಳಿ ಕಳಿಸಿದೆ. ಪುಟ್ಟಗಂಗಮ್ಮ ಕುಡಿಯುವುದಿಲ್ಲ, ಕಾಯಿಲೆಯೂ ಇಲ್ಲ. ಕೆಳಗಿದ್ದರೆ ಉಣ್ಣುತ್ತಿದ್ದಳು, ಮೇಲೆ ಹೋದಳು, ಉಪವಾಸ ಬಿದ್ದಳು. ಆವತ್ತು ಇದು ನನ್ನ ಬಾಯಿಗೆ ಬರಲಿಲ್ಲ.

ಫಾತಿಮುನ್ನೀಸಾ ಇದೆಲ್ಲವನ್ನೂ ನೋಡುತ್ತಿದ್ದಳು. ಪುಟ್ಟಗಂಗಮ್ಮನ ಕಲ್ಲಿನ ಮೇಲೆ ಕುಟ್ಟುತ್ತಾ ನೋಡುತ್ತಿದ್ದಳು. ಅವಳ ಮನೆಯಲ್ಲಿ ಫ್ರಿಡ್ಜ್ ಬಂತು. ಸಾರು ಮಾಡಿದ ದಿನ ಒಂದು ಬಟ್ಟಲು ಮೇಲಕ್ಕೆ ಕಳಿಸುತ್ತಿದ್ದಳು. ಪುಟ್ಟಗಂಗಮ್ಮ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಕಾಲು ಎಂಗದೆ ಫಾತಿಮವ್ವ?" ಅಂತ ಕೇಳುತ್ತಿದ್ದಳು. ಆ ಪ್ರಶ್ನೆಗೆ ಹೆದರಿ ಫಾತಿಮುನ್ನೀಸಾ ಮೆಟ್ಟಿಲ ಕಡೆ ಬರುವುದನ್ನೇ ಕಡಿಮೆ ಮಾಡಿದಳು.

ಶಬೇ ಬರಾತ್ ಆದ ಮೇಲೆ ಒಂದು ಸುದ್ದಿ ಹಬ್ಬಿತು. ಪುಟ್ಟಗಂಗಮ್ಮ ಮನೆಯನ್ನು ಭೋಗ್ಯಕ್ಕೆ ಕೊಟ್ಟು, ಮೋನಿಕಾಳನ್ನು ಕರೆದುಕೊಂಡು ಮಂಡಿ ಗೋಡೆಯ ಪಕ್ಕ ಪ್ಲಾಸ್ಟಿಕ್ ಹೊದಿಸಿಕೊಂಡು ಇರುತ್ತಾಳಂತೆ. ಅಲ್ಲಾದರೆ ಮೂಟೆ ಸಿಗುತ್ತದೆ. ಭೋಗ್ಯಕ್ಕೆ ಹಿಡಿಯುವವರು ಭಾನುವಾರ ಮನೆ ನೋಡಲು ಬರುತ್ತಾರೆ. ಇಂಥ ಮನೆ ಕೈಬಿಟ್ಟ ಎಷ್ಟು ಜನ ವಾಪಸ್ ಬಂದಿದ್ದಾರೆ? ಭೋಗ್ಯದ ದುಡ್ಡು ಕರಗುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ಕೇ ಗತಿ. ವಯಸ್ಸಿಗೆ ಬಂದ ಹುಡುಗಿ ಬೇರೆ ಜೊತೆಯಲ್ಲಿ.

ಸುದ್ದಿ ಕೇಳಿದ ದಿನವೇ ಫಾತಿಮುನ್ನೀಸಾ ಗುಬ್ಬಿಗೆ ಹೋದಳು, ಅಕ್ಕ ಅಸ್ಫಿಯಾಳ ಹತ್ತಿರ. ಅಸ್ಫಿಯಾ ಮಕ್ಕಳಿಗೆ ಅರಬ್ಬಿ ಓದಿಸುವವಳು, ಮುಲಾಜಿಲ್ಲದ ಹೆಂಗಸು. ತಂಗಿ ಎಲ್ಲ ಹೇಳಿಕೊಂಡಳು. ಆದರೂ ಮಾಫ್ ಸಿಕ್ಕಿದೆ, ಬಾಯಿಬಿಟ್ಟು ಕೇಳಿದ್ದೇನೆ, ಅವಳೂ ಬಾಯಿಬಿಟ್ಟು ಕೊಟ್ಟಿದ್ದಾಳೆ ಅಂದಳು.

"ಏನ್ ತಪ್ಪಿಗೆ ಅಂತ ಹೇಳಿದ್ಯಾ?"

"ಇಲ್ಲ."

"ಹಂಗಾದ್ರೆ ಅದು ಮಾಫ್ ಅಲ್ಲ, ಎರಡನೇ ಮೋಸ. ನಮಾಜ್ ಬಿಟ್ರೆ ಅದು ನಿಂಗೂ ಅಲ್ಲಾಹ್‌ಗೂ ಇರೋ ವಿಷಯ, ಅವನು ಮಾಫ್ ಮಾಡ್ಬೋದು. ಇದು ಆಕೆ ಹಕ್ಕು. ಆಕೆ ಮಾಫ್ ಮಾಡ್ದಲೆ ಅವನೂ ಮಾಡಲ್ಲ. ಹೋಗು, ಇಲ್ಲಿ ಅಳಬೇಡ."

ಭಾನುವಾರ ಬೆಳಿಗ್ಗೆ ಫಾತಿಮುನ್ನೀಸಾ ಮೇಲೆ ಹತ್ತಲು ಹೊರಟವಳು ನನ್ನ ಬಾಗಿಲ ಮುಂದಿನ ಮೆಟ್ಟಿಲಲ್ಲೇ ಕುಸಿದು ಕೂತಳು. ಅದೇ ಹೊತ್ತಿಗೆ ಪುಟ್ಟಗಂಗಮ್ಮ ಕೆಳಗಿನಿಂದ ಕೊಡ ಹೊತ್ತು ಬಂದಳು. ಬಂದವಳು ಮೊದಲು ಕೇಳಿದ್ದೇ ಅದು.

"ಯಾಕವ್ವ, ಕಾಲಾ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಅಂತ ಎಷ್ಟ್ ಸಲ ಹೇಳಿವ್ನಿ."

"ಅಕ್ಕ, ಅವತ್ತು ನೀನು ಕೊಟ್ಟ ಮಾಫಿ ನಂಗೆ ದಕ್ಕಲ್ಲ. ಯಾತಕ್ಕೆ ಅಂತ ನಾನು ಹೇಳ್ಲಿಲ್ಲ."

"ಯಾತಕ್ಕೆ?"

"ತಾರಸಿಗೆ ಬೀಗ ಇರೋದು ನಂಗೆ ಗೊತ್ತಿತ್ತು."

ಪುಟ್ಟಗಂಗಮ್ಮ ಕೊಡ ಕೆಳಗಿಟ್ಟಳು. "ಗೊತ್ತಿತ್ತು ಅಂದ್ರೆ?"

"ಚೀಟಿ ಎತ್ತೋ ಮುಂಚೆ ಒಂದಿನ ಬಂದು ನೋಡ್ಕೊಂಡ್ ಹೋಗಿದ್ದೆ. ಕೆಳಗಡೆ ಮೂಲೆ ಮನೆ ಬಿಸಿಲೂ ನೋಡಿದ್ದೆ, ಮೇಲ್ಗಡೆ ಬೀಗಾನೂ ನೋಡಿದ್ದೆ."

"ಮ್ಯಾಲಕ್ಕೆ ಹತ್ತಿದ್ಯಾ?"

"ಹತ್ತಿದ್ದೆ ಅಕ್ಕ."

"ಮೂರ್ ಮಹಡಿನೂ?"

ಫಾತಿಮುನ್ನೀಸಾ ಹೌದು ಅಂತ ತಲೆ ಆಡಿಸಿದಳು.

"ಈ ಕಾಲಲ್ಲಿ?"

ಕಾಲು ನೋವು ಪೂರ್ತಿ ಸುಳ್ಳೂ ಅಲ್ಲ, ನೋವು ಇತ್ತು. ಆದರೆ ಅವತ್ತು ಶಾಮಿಯಾನದ ಕೆಳಗೆ ಅವಳು ಬೇಡಿದ್ದು ಕಾಲಿಗಾಗಿ ಅಲ್ಲ, ಬಿಸಿಲಿಗಾಗಿ. ಬಿಸಿಲು ಬೇಕು ಅಂದಿದ್ದರೆ ಪುಟ್ಟಗಂಗಮ್ಮ ಕೊಡುತ್ತಿರಲಿಲ್ಲ. ಕಾಲು ಅಂದದ್ದಕ್ಕೆ ಕೊಟ್ಟಳು.

"ಅರ್ಜೂ ನನ್ನ ಎಬ್ಬಿಸ್ದಾಗ?"

"ಬಾಗ್ಲ ಹಿಂದೆನೇ ಇದ್ದೆ."

ಪುಟ್ಟಗಂಗಮ್ಮ ದೊಡ್ಡ ಮನಸ್ಸು ಮಾಡಿ ತಬ್ಬಿಕೊಂಡಳು ಅಂತ ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಇಡೀ ಬ್ಲಾಕು ಬಾಗಿಲು ತೆರೆದು ನೋಡುವ ಹಾಗೆ ಕೂಗಿದಳು. "ನಿನ್ ಕಾಲಿಗೆ ಅಂತ ಮನೆ ಕೊಟ್ನಲ್ಲೇ! ದಿನಾ ನಿನ್ ಕಾಲ್ ಕೇಳಿದ್ನಲ್ಲೇ! ನನ್ ಮೊಮ್ಮಗ್ಳು ಇಸ್ಕೂಲ್ ಬುಟ್ಟು ನೀರ್ ಹೊರ್ತಾ ಅವ್ಳೆ, ನೀನು ನನ್ ಕಲ್ಲ್ ಮ್ಯಾಲೇ ಕುಟ್ಕೊಂಡ್ ಕುಂತಿದ್ದೀಯ!" ಆಮೇಲೆ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು.

"ಹಲ್ವಾ ತಿಂದ್ಬುಟ್ಟೆ, ಅದನ್ನ ವಾಪಸ್ ಕೊಡಕ್ಕಾಗಲ್ಲ. ಮಾಫಿ ವಾಪಸ್ ತಗೊಂಡಿದೀನಿ. ಇನ್ ಮ್ಯಾಲೆ ಕೇಳ್ಬೇಡ."

ಫಾತಿಮುನ್ನೀಸಾ ಸೊಂಟದಿಂದ ಕೆಳಮನೆಯ ಬೀಗದ ಕೈ ತೆಗೆದು ಮೆಟ್ಟಿಲ ಮೇಲಿಟ್ಟಳು. ಪುಟ್ಟಗಂಗಮ್ಮ ಅದನ್ನು ಎತ್ತಿಕೊಂಡಳು. ಬೇಡ ಅನ್ನಲಿಲ್ಲ, ಯಾಕನ್ನಬೇಕು?

ಭೋಗ್ಯದವರು ಬಂದು ಹಾಗೇ ವಾಪಸ್ ಹೋದರು. ಆ ವಾರವೇ ಸಾಮಾನು ಏರಿದವು, ಇಳಿದವು. ಕಾಗದದಲ್ಲಿ ಹೆಸರು ಎಲ್ಲಿದೆಯೋ ಅಲ್ಲೇ ಇದೆ. ಅರ್ಜೂ ಅತ್ತೆಯ ಹತ್ತಿರ ಮಾತು ಬಿಟ್ಟಳು. "ನಿಮ್ ತಪ್ಪಿಗೆ ಮಾವನ್ನ ಯಾಕೆ ಮೇಲೆ ಕೂಡಿಹಾಕ್ತೀರ?" ಅಂತ ಒಂದೇ ಮಾತು ಕೇಳಿದಳು. ಅದೂ ಸರಿಯೇ. ಕಣ್ಣು ಸರಿಯಾಗಿ ಕಾಣದ ಮುನಾವರ್ ಪಾಷಾ ಈಗ ಗೋಡೆ ಹಿಡಿದು ಮೂರು ಮಹಡಿ ಇಳಿದು ಮಸೀದಿಗೆ ಹೋಗಬೇಕು. ಎಷ್ಟೋ ದಿನ ಹೋಗುವುದೇ ಇಲ್ಲ. ಮೂರನೇ ಮಹಡಿ ಅಂತ ಒಂದು ಕಟ್ಟಿದ ಮೇಲೆ ಅದು ಯಾರ ತಲೆಗಾದರೂ ಬರಲೇಬೇಕು. ತಾರಸಿಗೆ ಈಗಲೂ ಬೀಗ.

ಮೋನಿಕಾ ಮತ್ತೆ ಶಾಲೆಗೆ ಹೋದಳು. ಪುಟ್ಟಗಂಗಮ್ಮನ ಬಾಗಿಲಲ್ಲಿ ಮೂಟೆ ಬಿದ್ದವು. ಮೊದಲ ದಿನ ಫಾತಿಮುನ್ನೀಸಾ ಕೆಳಗಿಳಿದು ಬಂದು ಅಂಗಳದಾಚೆ ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪುಟ್ಟಗಂಗಮ್ಮ ಬಹಳ ಹೊತ್ತು ನಾರೆಳೆಯುತ್ತಲೇ ಇದ್ದಳು. ಆಮೇಲೆ ಮುಖ ನೋಡದೆ ಕೊಡತಿಯನ್ನು ಕಲ್ಲಿನ ಆ ಕಡೆಗೆ ತಳ್ಳಿದಳು. ಫಾತಿಮುನ್ನೀಸಾ ಕೂತಳು. ಅವತ್ತಿನಿಂದ ದಿನವೂ ಬರುತ್ತಾಳೆ. ಮೊದಲಿನ ಹಾಗೆ ಹರಟೆ ಇಲ್ಲ, ಜಗಳವೂ ಇಲ್ಲ. ಆಗೀಗ ತಡೆಯಲಾರದೆ "ಅಕ್ಕ, ಮಾಫ್..." ಅಂತ ಶುರು ಮಾಡುತ್ತಾಳೆ. "ಕುಟ್ಟು" ಅನ್ನುತ್ತಾಳೆ ಪುಟ್ಟಗಂಗಮ್ಮ.

ಸುಗ್ಗಿ ಮುಗಿಯುತ್ತಾ ಬಂತು. ಮೊನ್ನೆ ಬೆಳಿಗ್ಗೆ ಆಟೋದವನು ಒಂದೇ ಮೂಟೆ ಇಳಿಸಿ ಹೋದ. ನಾನು ಅಂಗನವಾಡಿಗೆ ಹೊರಟವಳು ಅಲ್ಲೇ ನಿಂತೆ. ಫಾತಿಮುನ್ನೀಸಾ ಮೆಟ್ಟಿಲಿಳಿದು ಬಂದು ಮೂಟೆ ನೋಡಿದಳು, ಪುಟ್ಟಗಂಗಮ್ಮನನ್ನು ನೋಡಿದಳು.

"ಇವತ್ತು ಒಂದೇ ಮೂಟೆ" ಅಂದಳು ಪುಟ್ಟಗಂಗಮ್ಮ.

ಫಾತಿಮುನ್ನೀಸಾ "ಹೂಂ ಅಕ್ಕ" ಅಂದು, ಸರಿಯಾಗಿಯೇ ಆಯಿತು ಅನ್ನುವವಳ ಹಾಗೆ ಮೆಟ್ಟಿಲ ಕಡೆ ತಿರುಗಿದಳು. ಈಗ ನಿಜವಾಗಿಯೂ ಕುಂಟುತ್ತಾಳೆ.

"ಎಲ್ಲಿಗ್ ಹೊಂಟೆ?" ಪುಟ್ಟಗಂಗಮ್ಮ ಹಿಂದಿನಿಂದ ಗದರಿದಳು. "ಮಾಫಿ ಇಲ್ಲ ಅಂದೆ. ಕೆಲ್ಸ ಇಲ್ಲ ಅಂದ್ನಾ? ಕೂತ್ಕೋ."

ಫಾತಿಮುನ್ನೀಸಾ ಬಂದು ಕೂತಳು. ಆ ಮೂಟೆ ಮುಗಿಯುವವರೆಗೂ ತಲೆ ಎತ್ತಲಿಲ್ಲ.